ಜೀವಕೋಶಗಳ ಮಾತುಕತೆ



ಮಳೆ ಹಿಡಿದು ಒಂದೆರಡು ವಾರವಾಗುತ್ತಲೇ ಮಂಗಳೂರಿನ ಮನೆಗಳಲ್ಲಿ, ಕಟ್ಟಡ ಕೆಲಸದ ಜಾಗಗಳಲ್ಲಿ, ಆಸ್ಪತ್ರೆಯ ಚೀಟಿ ಮಾಡಿಸುವ ಸಾಲುಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತಿತ್ತು: ಬರೀ ಜ್ವರವೋ, ಮಲೇರಿಯಾವೋ? 1990ರ ಆಸುಪಾಸಿನಿಂದ ಈ ಊರನ್ನು ಹಿಡಿದ ರೋಗ ಇದು. ಈಚಿನ ವರ್ಷಗಳಲ್ಲಿ ಎಷ್ಟೋ ತಗ್ಗಿದೆ ನಿಜ, ಆದರೆ ಅದರ ಚಳಿಯನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ, ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತದೆ. ಮಂಚವೇ ಅಲುಗುವಂಥ ನಡುಕ. ಸ್ವಲ್ಪ ಹೊತ್ತಿಗೆ ಮೈ ಕಾದ ಹೆಂಚಾಗುತ್ತದೆ. ಆಮೇಲೆ ಬೆವರು ಕಿತ್ತುಕೊಂಡು ಬಂದು, ಜ್ವರ ಇಳಿದು, ರೋಗಿ ಸುಸ್ತಾಗಿ ಮಲಗುತ್ತಾನೆ. ಒಂದು ದಿನ ಬಿಟ್ಟು ಮತ್ತೆ ಅದೇ ಆಟ.

ಈ ನಡುಕಕ್ಕೆ ಕಾರಣವೇನೆಂದು ಕೇಳಿದರೆ ಸೊಳ್ಳೆ ಎನ್ನುತ್ತೇವೆ. ಸ್ವಲ್ಪ ಓದಿದವರು ರಕ್ತ ಸೇರಿದ ಪರಾವಲಂಬಿ ಎನ್ನುತ್ತಾರೆ. ಎರಡೂ ಸರಿಯೇ. ಆದರೆ ಆ ಪರಾವಲಂಬಿ ಕೂತಿರುವುದು ಕೆಂಪು ರಕ್ತಕಣದೊಳಗೆ. ನಡುಗುವುದು ಕೈಕಾಲಿನ ಸ್ನಾಯು. ನಡುಗೆಂದು ಅಪ್ಪಣೆ ಕೊಡುವುದು ಮೆದುಳು. ಇವು ಮೂರರ ನಡುವೆ ಸುದ್ದಿ ಒಯ್ದವರು ಯಾರು? ಇವತ್ತಿನ ನನ್ನ ಮಾತು ಆ ಸುದ್ದಿಯ ದಾರಿಯ ಕುರಿತು.

ನಮ್ಮ ಊರಿನ ಮಲೇರಿಯಾದಲ್ಲಿ ಹೆಚ್ಚಿನದು ವೈವಾಕ್ಸ್ ಜಾತಿಯದು. ಅದು 48 ಗಂಟೆಗೊಮ್ಮೆ ರಕ್ತಕಣವನ್ನು ಒಡೆದು ಹೊರಬರುತ್ತದೆ. ಒಡೆಯುವ ಹೊತ್ತಿಗೂ ಚಳಿ ಬರುವ ಹೊತ್ತಿಗೂ ತಾಳೆಯಿದೆ ಎಂಬುದನ್ನು ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1880ರ ದಶಕದಲ್ಲೇ ಕಂಡುಕೊಂಡಿದ್ದ. ಆದರೆ ಒಡೆದ ಕಣದಿಂದ ಚಳಿಯವರೆಗಿನ ದಾರಿ ತಿಳಿಯಲು ಇನ್ನೊಂದು ಶತಮಾನ ಬೇಕಾಯಿತು. ಕಣ ಒಡೆದಾಗ ಪರಾವಲಂಬಿಯ ಮೈಯ ಚೂರುಗಳು ರಕ್ತಕ್ಕೆ ಚೆಲ್ಲುತ್ತವೆ. ಅಂಥ ಚೂರುಗಳಲ್ಲಿ ಸಕ್ಕರೆ ಮತ್ತು ಕೊಬ್ಬು ಬೆಸೆದ ಒಂದು ಅಣುವನ್ನು ನಮ್ಮ ರಕ್ಷಣಾ ಕೋಶಗಳು ಹೇಗೆ ಗುರುತು ಹಿಡಿಯುತ್ತವೆ ಎಂಬುದರ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಿಜ್ಞಾನಿ ಡಿ. ಚನ್ನೇಗೌಡ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದಿದ್ದಾರೆ. ಗುರುತು ಹಿಡಿದ ಕೋಶ ಸುಮ್ಮನಿರುವುದಿಲ್ಲ. ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಎಂಬ ಪುಟ್ಟ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತದೆ. ಇವೇ ಸೈಟೊಕೈನುಗಳು. ಅವು ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನ ರಕ್ತನಾಳಗಳನ್ನು ಮುಟ್ಟುತ್ತವೆ. ಅಲ್ಲಿನ ಕೋಶಗಳು ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ಸಂದೇಶ ತಯಾರಿಸಿ ಪಕ್ಕದ ನರಕೋಶಗಳಿಗೆ ದಾಟಿಸುತ್ತವೆ. ದೇಹದ ಉಷ್ಣತೆ ಇಷ್ಟಿರಬೇಕು ಎಂಬ ಲೆಕ್ಕ ಆಗ ಮೇಲೇರುತ್ತದೆ. 37 ಡಿಗ್ರಿ ಇರುವ ಮೈ ಮೆದುಳಿಗೆ ತಣ್ಣಗೆ ಕಾಣುತ್ತದೆ. ಅದಕ್ಕೇ ಚಳಿ, ಅದಕ್ಕೇ ನಡುಕ. ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದು ಪರಾವಲಂಬಿಯನ್ನೂ ಕೊಲ್ಲುವುದಿಲ್ಲ. ಪ್ರೊಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುತ್ತದೆ, ಅಷ್ಟೆ. ಜ್ವರ ಇಳಿದ ಕೂಡಲೆ ರೋಗವೂ ಹೋಯಿತೆಂದು ಮಲೇರಿಯಾದ ಮದ್ದನ್ನು ಅರ್ಧಕ್ಕೆ ಬಿಡುವವರು ಇದನ್ನು ದಯವಿಟ್ಟು ಗಮನಿಸಬೇಕು.

ನಮ್ಮ ವೆನ್ಲಾಕ್ ಆಸ್ಪತ್ರೆಗೆ ಬಂದ ಮಲೇರಿಯಾ ರೋಗಿಗಳ ರಕ್ತವನ್ನು ಶಿವಮೊಗ್ಗದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಇದೇ ದೃಷ್ಟಿಯಿಂದ ಪರೀಕ್ಷಿಸಿದ್ದಾರೆ. ಮಲೇರಿಯಾದಲ್ಲಿ ಪ್ಲೇಟ್‌ಲೆಟ್ ಇಳಿಯುವುದು ನಮ್ಮೂರಿನ ಎಷ್ಟೋ ಕುಟುಂಬಗಳು ಕಂಡು ಗಾಬರಿಗೊಂಡ ಸಂಗತಿ. ಪ್ಲೇಟ್‌ಲೆಟ್ ಇಳಿದವರ ರಕ್ತದಲ್ಲಿ ಉರಿಯೂತದ ಸೈಟೊಕೈನುಗಳು ಹೆಚ್ಚಿರುವುದು ಅವರಿಗೆ ಕಂಡಿತು. ಇಂಥ ಕೆಲಸಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಇಲಿಯ ಮೇಲೆ ನಡೆದದ್ದನ್ನು ಓದುವುದು ಒಂದು. ನಮ್ಮ ನಗರದ ವಾರ್ಡಿನಲ್ಲಿ ಮಲಗಿದ ಮನುಷ್ಯನ ರಕ್ತ ಏನು ಹೇಳುತ್ತಿದೆ ಎಂದು ಕೇಳುವುದು ಇನ್ನೊಂದು.

ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದನ್ನು, ಆರೋಗ್ಯದಲ್ಲಿ ಅದು ಹೇಗೆ ನಡೆಯುತ್ತದೆ, ರೋಗದಲ್ಲಿ ಎಲ್ಲಿ ಹಳಿ ತಪ್ಪುತ್ತದೆ ಎಂಬುದನ್ನು ಚರ್ಚಿಸಲೆಂದೇ ಇಂದು ವಿಜ್ಞಾನ ಸಮ್ಮೇಳನಗಳು ನಡೆಯುತ್ತವೆ. ಅಲ್ಲಿಗೆ ಕ್ಯಾನ್ಸರ್ ವೈದ್ಯರೂ ಬರುತ್ತಾರೆ, ಕಂಪ್ಯೂಟರ್ ಮುಂದೆ ಕೂರುವವರೂ ಬರುತ್ತಾರೆ. ಮೂವತ್ತು ವರ್ಷದ ಹಿಂದೆ ಇವರು ಒಂದೇ ಸಭಾಂಗಣದಲ್ಲಿ ಕೂರುವ ಸಂದರ್ಭ ಕಡಿಮೆಯಿತ್ತು.

ಈ ವಿದ್ಯೆಯ ಹಿಂದೆ ಒಂದು ಕನಸಿದೆ. ಆಸ್ಟ್ರಿಯದ ಗ್ರಾಜ್ ನಗರದ ಓಟೊ ಲೋವಿ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದನ್ನು ಕಂಡು, ಎದ್ದು ಚೀಟಿಯಲ್ಲಿ ಗೀಚಿ ಮತ್ತೆ ಮಲಗಿದ. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು. ಈ ಸಲ ಅವನು ಚೀಟಿಯನ್ನು ನಂಬದೆ ನೇರ ಪ್ರಯೋಗಾಲಯಕ್ಕೆ ನಡೆದ. ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟ. ಒಂದರ ವೇಗಸ್ ನರವನ್ನು ವಿದ್ಯುತ್ತಿನಿಂದ ಚುಚ್ಚಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯವನ್ನು ತೊಳೆದ ನೀರನ್ನು ಎರಡನೆಯದಕ್ಕೆ ಸುರಿದ. ಯಾವ ನರವೂ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು! ಅಂದರೆ ನರ ಮಾತಾಡುವುದು ಬರೀ ವಿದ್ಯುತ್ತಿನಿಂದಲ್ಲ, ತುದಿಯಲ್ಲಿ ಒಂದು ರಾಸಾಯನಿಕವನ್ನು ಬಿಡುತ್ತದೆ. 1921ರಲ್ಲಿ ಲೋವಿ ಇದನ್ನು ಪ್ರಕಟಿಸಿದ. ಆ ರಾಸಾಯನಿಕ ಅಸಿಟೈಲ್‌ಕೋಲಿನ್ ಎಂದು ಆಮೇಲೆ ತಿಳಿಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ನೊಬೆಲ್ ಬಂತು. ಎರಡೇ ವರ್ಷದಲ್ಲಿ ನಾಜಿಗಳು ಅವನನ್ನು ಸೆರೆಹಿಡಿದು, ಬಹುಮಾನದ ಹಣವನ್ನೂ ಕಿತ್ತುಕೊಂಡು ದೇಶದಿಂದ ಅಟ್ಟಿದರು. ಕಪ್ಪೆಯ ಹೃದಯದ ಮುಂದೆ ಅಷ್ಟು ನಿಷ್ಠೆಯಿಂದ ಕೂತ ಮನುಷ್ಯನಿಗೆ ಬಂದ ಗತಿಯನ್ನು ನೆನೆದರೆ ನನಗೆ ಇಂದಿಗೂ ನೋವಾಗುತ್ತದೆ.

ಸಂದೇಶ ಒಂದೇ ಆದರೂ ಕೇಳಿಸಿಕೊಂಡವರೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ನಮ್ಮ ಸಿಟಿ ಬಸ್ಸಿನ ಕಂಡಕ್ಟರು ಊದುವ ವಿಷಲ್ ನೋಡಿ. ಅದನ್ನು ಕೇಳಿ ಡ್ರೈವರು ಗೇರು ಹಾಕುತ್ತಾನೆ, ಮೆಟ್ಟಿಲ ಮೇಲಿದ್ದವನು ಕಂಬಿ ಬಿಗಿಹಿಡಿಯುತ್ತಾನೆ, ದೂರದಿಂದ ಬರುತ್ತಿದ್ದವನು ಓಡುತ್ತಾನೆ. ಅಡ್ರಿನಲಿನ್ ಹಾರ್ಮೋನಿನದೂ ಹಾಗೆ. ನಾಯಿ ಅಟ್ಟಿಸಿಕೊಂಡು ಬಂದಾಗ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಯಿಂದ ಹೊರಟ ಅದೇ ಅಣು ಹೃದಯದ ಬಡಿತ ಏರಿಸುತ್ತದೆ, ಶ್ವಾಸನಾಳಗಳನ್ನು ಅಗಲಿಸುತ್ತದೆ, ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ, ಕರುಳಿನ ಕೆಲಸ ತಗ್ಗಿಸುತ್ತದೆ. ವ್ಯತ್ಯಾಸ ಇರುವುದು ಕೇಳಿಸಿಕೊಳ್ಳುವ ಕೋಶದಲ್ಲಿ, ಅದರ ಪೊರೆಯ ಮೇಲೆ ನಿಂತ ರಿಸೆಪ್ಟರ್ ಎಂಬ ಪ್ರೋಟೀನಿನಲ್ಲಿ, ಒಳಗೆ ಅದಕ್ಕೆ ಜೋಡಿಸಿಕೊಂಡ ಸಲಕರಣೆಯಲ್ಲಿ. ಎಷ್ಟೋ ಸಂದೇಶಗಳು ಒಳಗೆ ಬರುವುದೇ ಇಲ್ಲ. ರಿಸೆಪ್ಟರನ್ನು ಹೊರಗಿನಿಂದ ಮುಟ್ಟುತ್ತವೆ. ಅದು ಒಳಮುಖವಾಗಿ ಆಕಾರ ಬದಲಿಸುತ್ತದೆ. ಒಳಗಿನ ಒಂದು ಪ್ರೋಟೀನು ಇನ್ನೊಂದಕ್ಕೆ ಫಾಸ್ಫೇಟ್ ಅಂಟಿಸಿ ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಯಾವುದೋ ಜೀನು ಚಾಲೂ ಆಗುತ್ತದೆ ಇಲ್ಲವೇ ನಿಲ್ಲುತ್ತದೆ. ಹೀಗೆ ಫಾಸ್ಫೇಟ್ ಅಂಟಿಸುವ ಕೈನೇಸುಗಳೇ ಮನುಷ್ಯರಲ್ಲಿ ಐನೂರಕ್ಕೂ ಹೆಚ್ಚು.

ಸಕ್ಕರೆ ಕಾಯಿಲೆಯನ್ನೂ ಹೀಗೆಯೇ ನೋಡಬಹುದು. ಮಕ್ಕಳಲ್ಲಿ ಹೆಚ್ಚಾಗಿ ಬರುವ ಮೊದಲ ಬಗೆಯಲ್ಲಿ ಇನ್ಸುಲಿನ್ ಕಳಿಸುವ ಕೋಶಗಳೇ ನಾಶವಾಗಿರುತ್ತವೆ. ನಡುವಯಸ್ಸಿನವರ ಎರಡನೆಯ ಬಗೆಯಲ್ಲಿ ಮೊದಮೊದಲು ಇನ್ಸುಲಿನ್ ಬೇಕಾದಷ್ಟಿರುತ್ತದೆ. ಸ್ನಾಯು, ಯಕೃತ್ತುಗಳು ಅದರ ಮಾತಿಗೆ ಓಗೊಡುವುದಿಲ್ಲ. ದಿನವೂ ನಡೆದಾಡಿದರೆ ಸ್ನಾಯು ಮತ್ತೆ ಓಗೊಡಲು ಶುರುಮಾಡುತ್ತದೆ.

ಇನ್ನು ನಮ್ಮ ಜಿಲ್ಲೆಯಲ್ಲಿ ಮಾತಾಡಲು ಕಷ್ಟವಾದ ವಿಷಯ, ಅಡಿಕೆ. ಈ ನೆಲದ ಎಷ್ಟೋ ಮನೆಗಳ ಒಲೆ ಉರಿಯುವುದು ಅಡಿಕೆಯಿಂದ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೇ ಬೆಳೆಗಾರ ಬೆಲೆಕುಸಿತದಿಂದ ಕಂಗಾಲಾಗಿದ್ದಾಗ. ಆ ಬೆಳೆಗಾರರ ಮೇಲೆ ನನಗೆ ಅಪಾರ ಗೌರವವಿದೆ. ಹಾಗೆಂದು ಬಾಯೊಳಗೆ ನಡೆಯುವುದನ್ನು ಹೇಳದೆ ಇರಲಾರೆ. ಅಡಿಕೆಯನ್ನು, ಅದರಲ್ಲೂ ಗುಟ್ಕಾ ರೂಪದಲ್ಲಿ, ದವಡೆಯಲ್ಲಿಟ್ಟುಕೊಂಡೇ ದಿನ ಕಳೆಯುವವರಲ್ಲಿ ಕೆಲವರಿಗೆ ಮೊದಲು ಖಾರ ತಾಗಿದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಬರಬರುತ್ತಾ ಬಾಯಿ ತೆರೆಯಲಾಗುವುದಿಲ್ಲ. ಎರಡು ಬೆರಳು ತೂರುವುದೂ ಕಷ್ಟ, ಒಂದು ತುತ್ತು ಅನ್ನ ಇಡುವುದೂ ಕಷ್ಟ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ. ನಮ್ಮ ದಂತ ವೈದ್ಯಕೀಯ ಕಾಲೇಜುಗಳ ಕುರ್ಚಿಗಳಲ್ಲಿ ಇಂಥ ಹುಡುಗರು ಕೂತಿರುತ್ತಾರೆ. ಹೌದು, ಹುಡುಗರೇ.

ಅಡಿಕೆ ತಾಗುವುದು ಬಾಯಿಯ ಮೇಲ್ಪದರಕ್ಕೆ. ಗಟ್ಟಿಯಾಗುವುದು ಅದರ ಕೆಳಗಿನ ಪದರ. ನಡುವೆ ನಡೆದದ್ದೇನು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಕೊಂಡಯ್ಯ ಮತ್ತು ಅವರ ವಿದ್ಯಾರ್ಥಿಗಳು ಈ ಪ್ರಶ್ನೆಯ ಹಿಂದೆ ಬಿದ್ದರು. 2012ರಲ್ಲಿ ಮತ್ತು 2015ರಲ್ಲಿ ಪ್ರಕಟವಾದ ಅವರ ಪ್ರಬಂಧಗಳು ತೋರಿಸಿದ್ದು ಇದು: ಅಡಿಕೆಯ ಸಾರ ತಾಗಿದ ಮೇಲ್ಪದರದ ಕೋಶಗಳು ಟಿಜಿಎಫ್ ಬೀಟಾ ಎಂಬ ಸಂದೇಶವನ್ನು ಸೂಸುತ್ತವೆ. ಕೆಳಗಿರುವ ಫೈಬ್ರೋಬ್ಲಾಸ್ಟ್ ಕೋಶಗಳ ಮೇಲೆ ಅದು ಕೆಲಸ ಮಾಡುತ್ತದೆ. ಈ ಫೈಬ್ರೋಬ್ಲಾಸ್ಟುಗಳ ಕಸುಬೇ ಕೊಲಾಜೆನ್ ನಾರು ನೇಯುವುದು. ಗಾಯವಾದಾಗ ಟಿಜಿಎಫ್ ಬೀಟಾ ಬಂದು ನೇಯಿರಿ ಎಂದರೆ ನೇಯುತ್ತವೆ. ಗಾಯ ಮಾಗಿದಾಗ ಸಂದೇಶ ನಿಲ್ಲುತ್ತದೆ, ನೇಯುವುದೂ ನಿಲ್ಲುತ್ತದೆ. ಅಡಿಕೆಯನ್ನು ದಿನವಿಡೀ ಬಾಯಲ್ಲಿಟ್ಟವನಲ್ಲಿ ಆ ಸಂದೇಶ ನಿಲ್ಲುವುದೇ ಇಲ್ಲ. ಕೋಶಗಳೂ ಒಳ್ಳೆಯವೇ, ಅಣುವೂ ಒಳ್ಳೆಯದೇ. ಬಿಡುವಿಲ್ಲದ ಅಪ್ಪಣೆಯಿಂದ ಬಾಯಿ ಕಟ್ಟಿಹೋಗುತ್ತದೆ. ಒಮ್ಮೆ ಹೆಣೆದುಕೊಂಡ ನಾರು ಅಗಿಯುವುದನ್ನು ಬಿಟ್ಟ ಮಾತ್ರಕ್ಕೆ ಪೂರ್ತಿ ಕರಗುವುದಿಲ್ಲ. ಆದರೂ ಬಿಡಲೇಬೇಕು, ಬೇಗ ಬಿಟ್ಟಷ್ಟೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ, ತಂಬಾಕಿಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಪ್ರಕಟಿಸಿದ ತೀರ್ಮಾನವನ್ನು ನಮ್ಮ ಜಿಲ್ಲೆಯಲ್ಲಿ ಹಲವರು ಒಪ್ಪುವುದಿಲ್ಲ. ಒಪ್ಪದವರು ಒಮ್ಮೆ ಆ ದಂತ ಕಾಲೇಜುಗಳಿಗೆ ಹೋಗಿ ಬರಬೇಕೆಂಬುದು ನನ್ನ ವಿನಂತಿ.

ಮಾತನ್ನು ಕತ್ತರಿಸುವುದೇ ಚಿಕಿತ್ಸೆಯಾದ ಉದಾಹರಣೆಗಳೂ ಇವೆ. ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಹರ್-2 ಎಂಬ ರಿಸೆಪ್ಟರ್ ಕೋಶದ ಮೇಲೆ ವಿಪರೀತ ತುಂಬಿಕೊಂಡು, ಬೆಳೆ, ಬೆಳೆ ಎಂದು ಒಳಗೆ ಹೇಳುತ್ತಲೇ ಇರುತ್ತದೆ. ಅದಕ್ಕೆ ಅಂಟಿ ತಡೆಯುವ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಅಮೆರಿಕದಲ್ಲಿ ಬಂದಾಗ ಅದರ ಬೆಲೆ ನಮ್ಮವರ ಕೈಗೆ ಎಟುಕುವಂತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಅದರ ಸಮಾನ ಔಷಧಿಯನ್ನು 2014ರಲ್ಲಿ ಭಾರತದಲ್ಲಿ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನೊಂದು ಬಗೆಯಲ್ಲಿ, ಕ್ಯಾನ್ಸರ್ ಕೋಶ ನಮ್ಮ ರಕ್ಷಣಾ ಕೋಶದ ಮೈಮುಟ್ಟಿ ಸುಮ್ಮನಿರು ಎಂದು ಸಮಾಧಾನ ಹೇಳುತ್ತದೆ. ರಕ್ಷಣಾ ಕೋಶಗಳ ಮೇಲಿನ ಇಂಥ ತಡೆಗಳನ್ನು ತೆಗೆಯುವ ದಾರಿ ತೋರಿಸಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಸಂದಿತು.

ಹಳೆಯ ಪಠ್ಯಗಳಲ್ಲಿ ಇಲ್ಲದ ಒಂದು ಸಂವಹನ ಮಾರ್ಗವನ್ನೂ ಹೇಳಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟೋನ್ ಎಂಬ ವಿಜ್ಞಾನಿ ಕುರಿಯ ಎಳೆಯ ರಕ್ತಕಣಗಳು ಪುಟ್ಟ ಪುಟ್ಟ ಚೀಲಗಳನ್ನು ಹೊರಹಾಕುವುದನ್ನು ಕಂಡು, 1987ರಲ್ಲಿ ಅವನ್ನು ಎಕ್ಸೊಸೋಮ್ ಎಂದು ಕರೆದರು. ಅದು ಬೇಡದ ಕಸ ಬಿಸಾಡುವ ವ್ಯವಸ್ಥೆ ಎಂದೇ ಬಹುಕಾಲ ಎಣಿಸಲಾಗಿತ್ತು. ಆ ಚೀಲಗಳಲ್ಲಿ ಪ್ರೋಟೀನೂ ಆರ್‌ಎನ್‌ಎಯೂ ಇದ್ದು, ಇನ್ನೊಂದು ಕೋಶ ಅವನ್ನು ಒಳಗೆ ತೆಗೆದುಕೊಂಡು ತನ್ನ ನಡತೆ ಬದಲಿಸುತ್ತದೆಂದು ಈಗ ಗೊತ್ತಾಗಿದೆ. 2013ರಲ್ಲಿ ಎರಡು ತಂಡಗಳು ಇನ್ನೂ ಬೆರಗಿನ ಸಂಗತಿ ತಿಳಿಸಿದವು. ಫಾಲ್ಸಿಪಾರಮ್ ಎಂಬ ಇನ್ನೊಂದು ಜಾತಿಯ ಮಲೇರಿಯಾ ಪರಾವಲಂಬಿ ಸೇರಿದ ರಕ್ತಕಣಗಳೂ ಇಂಥ ಚೀಲಗಳನ್ನು ಒಂದಕ್ಕೊಂದು ಕಳಿಸುತ್ತವೆ. ಅವು ಹೆಚ್ಚಿದಾಗ ಒಳಗಿನ ಪರಾವಲಂಬಿಗಳು ಸೊಳ್ಳೆಗೆ ದಾಟಬಲ್ಲ ರೂಪಕ್ಕೆ ತಿರುಗುತ್ತವೆ. ನಮ್ಮದೇ ರಕ್ತಕಣದೊಳಗೆ ಅಡಗಿ ಕೂತು ಅವು ತಮ್ಮ ತಮ್ಮಲ್ಲಿ ಸುದ್ದಿ ಹಂಚಿಕೊಳ್ಳುತ್ತವೆ ಎಂದಾಯಿತು.

ಬ್ಯಾಕ್ಟೀರಿಯಾಗಳೂ ಮಾತಾಡುತ್ತವೆ ಎನ್ನುವಾಗ ನಮ್ಮ ಸಮುದ್ರದ ಕಡೆ ತಿರುಗಬೇಕು. 2020ರ ಕೊನೆಗೆ ನಮ್ಮ ಕರಾವಳಿಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದದ್ದು ನೆನಪಿರಬಹುದು. ಅದು ನಾಕ್ಟಿಲೂಕ ಎಂಬ ಏಕಕೋಶ ಜೀವಿಯ ಬೆಳಕು, ಅಲೆ ತಾಗಿದಾಗ ಮಿನುಗುವಂಥದ್ದು. ನಾನು ಹೇಳಹೊರಟಿರುವುದು ಬೇರೆ ಬೆಳಕು, ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಗಳದು. ಒಂಟಿಯಾಗಿದ್ದಾಗ ಅವು ಬೆಳಗುವುದಿಲ್ಲ. ಪ್ರತಿಯೊಂದೂ ಒಂದು ಸಣ್ಣ ಅಣುವನ್ನು ನೀರಿಗೆ ಬಿಡುತ್ತಿರುತ್ತದೆ. ಗುಂಪು ದಟ್ಟವಾದಂತೆ ಆ ಅಣುವೂ ದಟ್ಟವಾಗುತ್ತದೆ, ಒಂದು ಮಿತಿ ದಾಟಿದ ಕೂಡಲೆ ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಅಮೆರಿಕದ ನೀಲ್ಸನ್ ಮತ್ತು ಹೇಸ್ಟಿಂಗ್ಸ್ ಇದನ್ನು 1970ರಲ್ಲಿ ಬರೆದಾಗ ನಂಬಿದವರು ಕಡಿಮೆ. ಬೆಳಕು ಮಾತ್ರವಲ್ಲ, ಎಷ್ಟೋ ಬ್ಯಾಕ್ಟೀರಿಯಾಗಳು ವಿಷ ಬಿಡುವುದೂ ಹೀಗೆ ತಲೆಯೆಣಿಕೆ ನೋಡಿಯೇ ಎಂದು ಆಮೇಲೆ ತಿಳಿಯಿತು.

ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದ ಮೊದಲನೆಯದು. ಅಲ್ಲಿ ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ದಂಪತಿ ಸಂಗಡಿಗರೊಂದಿಗೆ 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಿಗಡಿ ಮರಿಗಳು ಸಾಮೂಹಿಕವಾಗಿ ಸಾಯುತ್ತಿದ್ದವು. ಕಾರಣ ವಿಬ್ರಿಯೊ ಹಾರ್ವೆಯಿ, ಅದೂ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ತಳಿ. ಔಷಧಿ ಸುರಿದಷ್ಟೂ ಬಗ್ಗದ ತಳಿಗಳೇ ಉಳಿದು ಬೆಳೆಯುತ್ತವೆ ಎಂಬ ಎಚ್ಚರಿಕೆ ನಮ್ಮ ಊರಿನಿಂದ ಹೊರಟ ಕಾಲ ಅದು. ಅದೇ ವರ್ಷಗಳಲ್ಲಿ ಅಮೆರಿಕದ ಬಾನಿ ಬ್ಯಾಸ್ಲರ್ ಇದೇ ಹಾರ್ವೆಯಿಯ ಮಾತಿನ ವ್ಯವಸ್ಥೆಯನ್ನು ಬಿಡಿಸುತ್ತಿದ್ದರು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಬದಲು ಅವುಗಳ ಮಾತು ನಿಲ್ಲಿಸಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಇಂಥ ಕೆಲಸಗಳಿಂದ. ಸಿಗಡಿ ಕೊಳಕ್ಕೂ ಆಸ್ಪತ್ರೆಯ ಐಸಿಯುಗೂ ಆ ಯೋಚನೆ ಒಂದೇ ರೀತಿ ಬೇಕಾಗಿದೆ.

ಇನ್ನು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ತಿರುಗಿ ದೇರಳಕಟ್ಟೆಗೆ ಹೋಗೋಣ. ಒಂದೇ ರಸ್ತೆಯಲ್ಲಿ ಯೆನೆಪೋಯ, ನಿಟ್ಟೆ ವಿಶ್ವವಿದ್ಯಾಲಯಗಳು, ಮುಂದೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ. ಯೆನೆಪೋಯದಲ್ಲಿ ಕೇಶವ ಪ್ರಸಾದ್ ಅವರ ತಂಡ ಜೀವಕೋಶದ ಸಂಕೇತ ಮಾರ್ಗಗಳ ನಕ್ಷೆ ಬಿಡಿಸುವ ಕೆಲಸದಲ್ಲಿದೆ. ಇದರ ಬೇರು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2002ರಲ್ಲಿ ಅಖಿಲೇಶ್ ಪಾಂಡೆ ಕಟ್ಟಿದ ಬಯೋಇನ್ಫರ್ಮೆಟಿಕ್ಸ್ ಸಂಸ್ಥೆಯಲ್ಲಿದೆ. ಅಲ್ಲಿ ಬೆಳೆದ ಇಂಥ ನಕ್ಷೆಗಳ ನೆಟ್‌ಪಾತ್ ಎಂಬ ಉಚಿತ ಮಾಹಿತಿ ಭಂಡಾರ 2010ರಲ್ಲಿ ಪ್ರಪಂಚದ ಮುಂದೆ ಬಂತು. ಅದೇ ಸಂಸ್ಥೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ ಮನುಷ್ಯನ 30 ಬಗೆಯ ಅಂಗಾಂಶ ಹಾಗೂ ಕೋಶಗಳನ್ನು ಪರೀಕ್ಷಿಸಿ, 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿ, ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು 2014ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು.

ನಕ್ಷೆ ಬಿಡಿಸುವುದೆಂದರೆ ಏನೆಂದು ಹೇಳದಿದ್ದರೆ ಆ ಕೆಲಸಕ್ಕೆ ಅನ್ಯಾಯವಾದೀತು. ಒಂದು ಸಂದೇಶದ ಅಣುವನ್ನು ಹಿಡಿದು, ಅದರ ಬಗ್ಗೆ ಪ್ರಪಂಚದಲ್ಲಿ ಬಂದ ನೂರಾರು ಪ್ರಬಂಧಗಳನ್ನು ಒಂದೊಂದಾಗಿ ಓದಬೇಕು. ಯಾವ ಪ್ರೋಟೀನು ಯಾವುದಕ್ಕೆ ಅಂಟಿತು, ಯಾವುದು ಯಾವ ಜಾಗದಲ್ಲಿ ಫಾಸ್ಫೇಟ್ ಪಡೆಯಿತು, ಯಾವ ಬಗೆಯ ಕೋಶದಲ್ಲಿ ಎಂದು ಗುರುತು ಮಾಡಬೇಕು. ಇನ್ನೊಬ್ಬರು ಅದನ್ನು ತಿದ್ದಬೇಕು. ಇದನ್ನು ಮಾಡುವವರು ಹೆಚ್ಚಾಗಿ ಇಪ್ಪತ್ತೈದರ ಆಚೀಚೆಯ ವಿದ್ಯಾರ್ಥಿಗಳು. ಅವರ ಹೆಸರು ದಿನಪತ್ರಿಕೆಗಳಲ್ಲಿ ಬರುವುದಿಲ್ಲ. ಆದರೆ ಎಲ್ಲೋ ದೂರದ ಪ್ರಯೋಗಾಲಯದಲ್ಲಿ ಯಾರೋ ಹೊಸ ಮದ್ದಿನ ಗುರಿ ಹುಡುಕುವಾಗ ತೆರೆದು ನೋಡುವುದು ಇವರು ಬಿಡಿಸಿದ ನಕ್ಷೆಯನ್ನು.

ಇಷ್ಟೆಲ್ಲ ಇರುವ ಊರಿನಲ್ಲಿ ಜೀವಕೋಶ ಸಂವಹನದ ಬಗ್ಗೆ ಸಮ್ಮೇಳನ ನಡೆದಾಗ ಒಂದು ದಿನವಾದರೂ ಕನ್ನಡದಲ್ಲಿ ನಡೆಯಬೇಕೆಂದು ನಾನು ಮನಸಾರೆ ಬಯಸುತ್ತೇನೆ. ತುಳು, ಬ್ಯಾರಿ, ಕೊಂಕಣಿಯಲ್ಲಿ ಪ್ರಶ್ನೆ ಕೇಳಿದರೂ ಉತ್ತರಿಸುವವರು ಅಲ್ಲಿರಬೇಕು. ವೆನ್ಲಾಕಿನ ನರ್ಸುಗಳನ್ನು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರನ್ನು, ಸಿಗಡಿ ಸಾಕುವವರನ್ನು, ಪಿಯುಸಿ ಓದುವ ಮಕ್ಕಳನ್ನು ಕರೆಯಬೇಕು. ಅಡಿಕೆ ಬೆಳೆಯುವವರನ್ನಂತೂ ಖಂಡಿತ ಕರೆಯಬೇಕು. ಟಿಜಿಎಫ್ ಬೀಟಾದ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಕಟ್ಟಿಹೋದ ಬಾಯಿಯ ಫೋಟೋವನ್ನೂ ಪಕ್ಕದಲ್ಲಿಡಬೇಕು. ಆಗ ಸುಳ್ಯದಿಂದಲೋ ಬೆಳ್ತಂಗಡಿಯಿಂದಲೋ ಬಂದ ಹಿರಿಯರೊಬ್ಬರು ಎದ್ದು ನಿಂತು, ಹಾಗಾದರೆ ನಾವು ನೆಟ್ಟ ಮರಗಳನ್ನು ಏನು ಮಾಡಲಿ ಎಂದು ಕೇಳಬಹುದು. ವೇದಿಕೆಯ ಮೇಲಿರುವ ಯಾರ ಬಳಿಯೂ ಅದಕ್ಕೆ ಸಿದ್ಧ ಉತ್ತರ ಇರಲಾರದು. ವಿಜ್ಞಾನಿಗಳೂ ಕೃಷಿ ತಜ್ಞರೂ ಬೆಳೆಗಾರರೂ ಅಲ್ಲೇ ಕೂತು ಆ ಪ್ರಶ್ನೆಯನ್ನು ಚರ್ಚಿಸಲಿ, ಮಧ್ಯಾಹ್ನದ ಊಟ ತಡವಾದರೂ ಚಿಂತೆಯಿಲ್ಲ.